ಹಾಡಲು ಬಾರದವರೂ ದನಿಗೂಡಿಸಿದಾಗ

ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಡೆಯುವ ಯಾವ ಧರಣಿಯನ್ನಾದರೂ ನೋಡಿ. ಆಶಾ ಕಾರ್ಯಕರ್ತೆಯರದ್ದಿರಲಿ, ಅಂಗನವಾಡಿಯವರದ್ದಿರಲಿ, ಪೌರಕಾರ್ಮಿಕರದ್ದಿರಲಿ, ಭೂಮಿ ಉಳಿಸಿಕೊಳ್ಳಲು ಬಂದ ರೈತರದ್ದಿರಲಿ, ಸಾಮಾನ್ಯವಾಗಿ ಮೊದಲು ಕೇಳಿಸುವುದು ಹಾಡು. ಭಾಷಣ ಆಮೇಲೆ. ತಮಟೆ ಹಿಡಿದ ಒಬ್ಬರು ಮೈಕಿನ ಮುಂದೆ ನಿಂತು ಒಂದು ಸಾಲು ಎತ್ತಿಕೊಳ್ಳುತ್ತಾರೆ. ಶಾಮಿಯಾನದ ಕೆಳಗೆ ಕೂತವರು ಮೊದಲು ಸುಮ್ನೆ ಕೇಳುತ್ತಾರೆ. ಪಲ್ಲವಿ ಎರಡನೇ ಸಲ ಬಂದಾಗ ಮುಂದಿನ ಸಾಲಿನವರ ತುಟಿ ಅಲುಗುತ್ತದೆ. ನಾಲ್ಕನೇ ಸಲ ಬರುವ ಹೊತ್ತಿಗೆ ಹಿಂದೆ ಬುತ್ತಿ ಬಿಚ್ಚುತ್ತಿದ್ದವರೂ ಸೇರಿಕೊಂಡಿರುತ್ತಾರೆ.

ಟಿವಿಯವರಿಗೆ ಈ ಹೊತ್ತು ಲೆಕ್ಕಕ್ಕಿಲ್ಲ. ಮುಖಂಡರು ಬಂದು ಮಾತಾಡಿದ ಮೇಲೆಯೇ ಅವರಿಗೆ ಸುದ್ದಿ. ಆದರೆ ಹೋರಾಟ ಕಟ್ಟಿದ ಯಾರನ್ನೇ ಕೇಳಿ, ಈ ಅರ್ಧ ಗಂಟೆಯನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ರಾಯಚೂರಿನಿಂದ, ಚಾಮರಾಜನಗರದಿಂದ ರಾತ್ರಿ ಬಸ್ಸು ಹತ್ತಿ ಬಂದವರು ಅಲ್ಲಿ ಕೂತಿರುತ್ತಾರೆ. ಪಕ್ಕದವರ ಹೆಸರು ಗೊತ್ತಿರುವುದಿಲ್ಲ, ಮಾತಿನ ಧಾಟಿಯೂ ಬೇರೆ. ಸಂಜೆಯವರೆಗೆ, ಕೆಲವೊಮ್ಮೆ ದಿನಗಟ್ಟಲೆ, ಒಟ್ಟಿಗೆ ಕೂರಬೇಕು. ಅವರನ್ನು ಒಂದು ಗುಂಪು ಮಾಡುವ ಕೆಲಸವನ್ನು ಆ ಹಾಡು ಮಾಡುತ್ತಿರುತ್ತದೆ.

ಅದು ಹೇಗೆ ಆಗುತ್ತದೆ, ಎಲ್ಲಿಯವರೆಗೆ ಆಗುತ್ತದೆ, ಎಲ್ಲಿ ಸೋಲುತ್ತದೆ? ಹಾಡಿನ ಈ ಶಕ್ತಿಯನ್ನು ನಾವು ಸಾಮಾನ್ಯವಾಗಿ ಒಳ್ಳೆಯ ಕಂಠದಲ್ಲೋ ಒಳ್ಳೆಯ ಸಾಹಿತ್ಯದಲ್ಲೋ ಹುಡುಕುತ್ತೇವೆ. ನನಗೆ ಅದು ಕಾಣುವುದು ಬೇರೆ ಕಡೆ. ಹಾಡಲು ಬಾರದವರೂ ಸಂಕೋಚ ಬಿಟ್ಟು ದನಿಗೂಡಿಸುವ ಸಂದರ್ಭ ಇದೆಯಲ್ಲ, ಅಲ್ಲಿ. ಹಾಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಡಿಮೆಯಾಗುತ್ತಿರುವುದು ಆ ಸಂದರ್ಭ. ಇದೇ ನನ್ನ ಆತಂಕ.

ಗುಂಪಿನಲ್ಲಿ ಹಾಡುವುದನ್ನು ನಮಗೆ ಕಲಿಸಿದ್ದು ಹೋರಾಟಗಳಲ್ಲ, ಕೆಲಸ. ಭತ್ತದ ನಾಟಿಯನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಹತ್ತು ಹನ್ನೆರಡು ಹೆಂಗಸರು ಕೆಸರಿನಲ್ಲಿ ಸಾಲಾಗಿ ಬಗ್ಗಿ ನಿಂತಿರುತ್ತಾರೆ. ಕೈ ಸಸಿ ಊರುತ್ತದೆ, ಕಾಲು ಹಿಂದಕ್ಕೆ ಸರಿಯುತ್ತದೆ. ಒಬ್ಬಾಕೆ ಸಾಲು ಎತ್ತುತ್ತಾಳೆ, ಉಳಿದವರು ಸೊಲ್ಲು ಹೇಳುತ್ತಾರೆ. ಹಾಡಿನ ಓಟಕ್ಕೆ ಕೈ ಓಡುತ್ತದೆ. ಹಾಗಾಗಿ ಯಾರೂ ತೀರಾ ಮುಂದೆ ಹೋಗುವುದಿಲ್ಲ, ಯಾರೂ ತೀರಾ ಹಿಂದೆ ಬೀಳುವುದಿಲ್ಲ. ವಯಸ್ಸಾದವಳಿಗೆ ದಮ್ಮು ಕಟ್ಟಿದರೆ ಅವಳು ಎರಡು ಸಾಲು ಸುಮ್ಮನಿದ್ದು ಮತ್ತೆ ಸೇರಿಕೊಳ್ಳುತ್ತಾಳೆ. ಅಷ್ಟು ಹೊತ್ತು ಉಳಿದವರು ಹಾಡುತ್ತಿರುತ್ತಾರೆ, ಹಾಡು ನಿಲ್ಲುವುದಿಲ್ಲ. ಒಬ್ಬರೇ ಹಾಡುವಾಗ ಉಸಿರು ತಪ್ಪಿದರೆ ಹಾಡೇ ತಪ್ಪಿತು. ಗುಂಪಿನಲ್ಲಿ ಹಾಗಾಗುವುದಿಲ್ಲ. ಮುಂದೆ ಚಳವಳಿಗಳಿಗೆ ಬಹಳ ಉಪಯೋಗಕ್ಕೆ ಬಂದ ಗುಣ ಇದೇ.

ಸೋಬಾನೆ, ಕೋಲಾಟ, ಭಜನೆ, ಗೀಗೀ ಪದ ಎಲ್ಲದರಲ್ಲೂ ಇದೇ ಜೋಡಣೆ ಇದೆ. ಮುಂದೆ ಹಾಡುವವರಿಗೆ ಕಥೆಯೆಲ್ಲ ಗೊತ್ತಿರಬೇಕು. ಹಿಂದೆ ಹಾಡುವವರಿಗೆ ಒಂದೇ ಸಾಲು ಗೊತ್ತಿದ್ದರೆ ಸಾಕು. ಓದು ಬರಹ ಬೇಡ, ಒಳ್ಳೆಯ ಕಂಠ ಬೇಡ, ತಾಲೀಮು ಬೇಡ. ಬಾಗಿಲು ಇಷ್ಟು ಅಗಲವಾಗಿ ತೆರೆದಿರುವ ಕಲೆ ಬೇರೆ ಯಾವುದಿದೆ? ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಬೆಳಗಾವಿ, ಧಾರವಾಡ ಕಡೆಯ ಗೀಗೀ ಮೇಳಗಳು ಗಾಂಧಿ, ಖಾದಿ, ಚರಕದ ಕಥೆಯನ್ನು ಹಳ್ಳಿ ಹಳ್ಳಿಗೆ ಒಯ್ದದ್ದು ಈ ಬಾಗಿಲಿನಿಂದಲೇ. ಪತ್ರಿಕೆ ಓದಲು ಬಾರದವರಿಗೂ ಸುದ್ದಿ ತಲುಪಿತು. ತಲುಪಿದ್ದು ಮಾತ್ರವಲ್ಲ, ಅವರ ಬಾಯಲ್ಲೂ ಬಂತು.

1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡನ್ನು ಹಾಡಲಾಯಿತು. ಆಗ ಆ ನಾಡು ಭೂಪಟದಲ್ಲಿ ಇರಲೇ ಇಲ್ಲ. ಕನ್ನಡಿಗರು ಮುಂಬಯಿ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. ಏಕೀಕರಣ ಆಗಲು 1956 ಬರಬೇಕಾಯಿತು. ಆ 32 ವರ್ಷ ಬೇರೆ ಬೇರೆ ಆಡಳಿತದ ಕೆಳಗೆ ಇದ್ದವರು ಸಭೆ ಸಮಾರಂಭಗಳಲ್ಲಿ ಒಂದೇ ಹಾಡು ಹಾಡುತ್ತಿದ್ದರು. ಇಲ್ಲದ ನಾಡಿನ ಪ್ರಜೆಗಳಾಗುವುದನ್ನು ಅವರು ಅಭ್ಯಾಸ ಮಾಡಿಕೊಳ್ಳುತ್ತಿದ್ದರು ಎಂದು ಹೇಳಬಹುದು, ಅಲ್ವಾ?

ಉತ್ತರ ಕರ್ನಾಟಕದ ಮೊಹರಂ ಇನ್ನೊಂದು ಉದಾಹರಣೆ. ಒಂದೂ ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಅಲಾಯಿ ದೇವರು, ಅಂದರೆ ಮೊಹರಂನ ಪಂಜಾಗಳು, ಕೂರುತ್ತವೆ. ಪ್ರವಾದಿಯ ಮೊಮ್ಮಗ ಹುಸೇನರು ಬಲಿಯಾದ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹೇಳುವ ರಿವಾಯತ್ ಪದಗಳನ್ನು ಹಿಂದೂ ಮುಸ್ಲಿಂ ಎನ್ನದೆ ಮೇಳ ಕಟ್ಟಿ ಹಾಡುತ್ತಾರೆ. ಹೆಜ್ಜೆಮೇಳದಲ್ಲಿ ಹಾಡಿನ ಜೊತೆಗೇ ಹೆಜ್ಜೆಯೂ ಕೂಡಬೇಕು, ಹಾಗಾಗಿ ತಾಲೀಮು ಇಲ್ಲದೆ ಆಗುವುದಿಲ್ಲ. ಬೇರೆ ಬೇರೆ ಓಣಿಯ ಗಂಡುಮಕ್ಕಳು ರಾತ್ರಿ ಒಟ್ಟಿಗೆ ಸೇರಿ ಕಲಿಯುತ್ತಾರೆ. ಸೌಹಾರ್ದ ಎಂಬ ಹೆಸರಿಟ್ಟು ಯಾರೂ ಇದನ್ನು ಶುರು ಮಾಡಿದ್ದಲ್ಲ. ಆದರೆ ಹತ್ತು ವರ್ಷ ಒಟ್ಟಿಗೆ ಪದ ಹಾಡಿದವರ ನಡುವೆ ಜಗಳ ಹಚ್ಚುವುದು ಸುಲಭವಲ್ಲ ಎಂದು ನಾನು ನಂಬುತ್ತೇನೆ.

ನಂಬಿಕೆಯ ಮಾತು ಬಿಡಿ, ಪುರಾವೆ ಏನಿದೆ ಎಂದು ಕೇಳುವವರಿಗೂ ಸ್ವಲ್ಪ ಉತ್ತರ ಇದೆ. 2015ರಲ್ಲಿ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ವಯಸ್ಕರಿಗಾಗಿ ನಡೆಯುವ ತರಗತಿಗಳಿಗೆ ಹೊಸದಾಗಿ ಸೇರಿದವರನ್ನು ಏಳು ತಿಂಗಳು ಗಮನಿಸಿದ್ದರು. ಕೆಲವರು ಹಾಡಲು ಸೇರಿದ್ದರು, ಕೆಲವರು ಕರಕುಶಲ ಕೆಲಸಕ್ಕೆ, ಕೆಲವರು ಕಥೆ ಕವಿತೆ ಬರೆಯುವುದಕ್ಕೆ. ಏಳು ತಿಂಗಳು ಮುಗಿಯುವಷ್ಟರಲ್ಲಿ ಎಲ್ಲ ತರಗತಿಗಳಲ್ಲೂ ಸ್ನೇಹ ಬೆಳೆದಿತ್ತು. ವ್ಯತ್ಯಾಸ ಇದ್ದದ್ದು ವೇಗದಲ್ಲಿ. ಹಾಡಿನ ತರಗತಿಯವರು ಶುರುವಿನಲ್ಲೇ ಹತ್ತಿರವಾಗಿಬಿಟ್ಟಿದ್ದರು. ಬೇರೆ ತರಗತಿಯಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಿ ಪರಿಚಯ ಮಾಡಿಕೊಳ್ಳಬೇಕು. ಹಾಡಿನಲ್ಲಿ ಇಡೀ ಗುಂಪಿನ ಜೊತೆ ಒಟ್ಟಿಗೇ ಪರಿಚಯವಾದಂತೆ. ಧರಣಿಯಂಥ ಕಡೆ, ಜನ ಜಾಸ್ತಿ ಸಮಯ ಕಡಿಮೆ ಇರುವಲ್ಲಿ, ಇದು ದೊಡ್ಡ ಅನುಕೂಲ.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ಒಟ್ಟಿಗೆ ಹಾಡುವವರ ಎದೆಬಡಿತ ಅಳೆದು ನೋಡಿದರು. ಹಾಡಿನ ಸಾಲು ಎಷ್ಟು ಉದ್ದವೋ ಉಸಿರೂ ಅಷ್ಟು ಉದ್ದ. ಎಲ್ಲರೂ ಒಂದೇ ಕಡೆ ಉಸಿರು ಎಳೆದು ಒಂದೇ ಕಡೆ ಬಿಡುವುದರಿಂದ ಎದೆಬಡಿತವೂ ಒಟ್ಟಿಗೆ ಏರಿಳಿಯುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡಿನ ಇಬ್ಬರು ಸಂಶೋಧಕರು 2009ರಲ್ಲಿ ತೋರಿಸಿದ್ದು ಇನ್ನೊಂದು ವಿಷಯ. ಒಟ್ಟಿಗೆ ಹೆಜ್ಜೆ ಹಾಕಿದವರು, ಒಟ್ಟಿಗೆ ಹಾಡಿದವರು ಆಮೇಲೆ ಆಡಿದ ಆಟದಲ್ಲಿ ಸ್ವಂತ ಲಾಭ ಬಿಟ್ಟು ಗುಂಪಿನ ಪಾಲಿಗೆ ಜಾಸ್ತಿ ಹಾಕಿದರು. ಇವೆಲ್ಲ ಚಿಕ್ಕ ಚಿಕ್ಕ ಪ್ರಯೋಗಗಳು. ಇದನ್ನು ಹಿಡಿದು ಹಾಡಿದರೆ ಸರ್ಕಾರ ಬೀಳುತ್ತದೆ ಎಂದು ಹೇಳಲಾಗದು. ಹಾಡು ನಂಬಿಕೆಯನ್ನು ಬೇಗ ಹುಟ್ಟಿಸುತ್ತದೆ ಎಂದು ಮಾತ್ರ ಹೇಳಬಹುದು. ಆ ನಂಬಿಕೆಯಿಂದ ಏನು ಮಾಡುತ್ತೀರಿ ಎಂಬುದು ಬೇರೆ ಪ್ರಶ್ನೆ.

ಕೇರಿಯಿಂದ ಎದ್ದ ಪ್ರಶ್ನೆ

ಕರ್ನಾಟಕದಲ್ಲಿ ಆ ಪ್ರಶ್ನೆಗೆ ದೊಡ್ಡ ಉತ್ತರ ಕೊಟ್ಟದ್ದು ದಲಿತ ಚಳವಳಿ. 1973ರ ನವೆಂಬರಿನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಎಂದರು. ಊರೂರಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಕಿಚ್ಚಿನಲ್ಲೇ ಬಿ. ಕೃಷ್ಣಪ್ಪ ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. 1975ರಲ್ಲಿ ಸಿದ್ಧಲಿಂಗಯ್ಯ ಅವರ ‘ಹೊಲೆಮಾದಿಗರ ಹಾಡು’ ಬಂತು. ಅದೇ ವರ್ಷ ತುರ್ತು ಪರಿಸ್ಥಿತಿ ಬಂತು, ‘ಸಮುದಾಯ’ ಎಂಬ ರಂಗ ಸಂಘಟನೆಯೂ ಹುಟ್ಟಿತು.

ಆ ಕಾಲದ ಹಳ್ಳಿಯನ್ನು ನೆನಪಿಸಿಕೊಳ್ಳಿ. ಕೇರಿಯ ಕೂಲಿಯವನಿಗೆ ಊರ ಗೌಡರ ಎದುರು ಕೂಲಿ ಕಡಿಮೆಯಾಯಿತು ಎಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಹೇಳಿದವನಿಗೆ ನಾಳೆಯಿಂದ ಕೆಲಸ ಇಲ್ಲ, ಸಾಲ ಇಲ್ಲ, ಕೆಲವೊಮ್ಮೆ ನೀರೂ ಇಲ್ಲ. ಮಾತಿಗೆ ಹೆಸರಿದೆ. ಯಾರು ಆಡಿದರು ಎಂದು ಗುರುತಿಟ್ಟುಕೊಳ್ಳಬಹುದು. ಆದರೆ ನಲವತ್ತು ಜನ ಕೂಡಿ ಹಾಡಿದರೆ ಯಾರನ್ನು ಗುರುತಿಡುತ್ತೀರಿ? ನಲವತ್ತೇಳರಲ್ಲಿ ಬಂದ ಸ್ವಾತಂತ್ರ್ಯ ಯಾರ ಮನೆಗೆ ಬಂತು ಎಂದು ಕೇಳುವ ಸಿದ್ಧಲಿಂಗಯ್ಯನವರ ಹಾಡು ಅಷ್ಟು ದೂರ ಹೋಗಲು ಇದೂ ಒಂದು ಕಾರಣ. ಅದರ ಪಲ್ಲವಿಯೇ ಒಂದು ಪ್ರಶ್ನೆ. ಪಲ್ಲವಿ ಎಂದ ಮೇಲೆ ಅದು ಗುಂಪಿನ ಪಾಲು. ಹಾಗಾಗಿ ಬದುಕಿನಲ್ಲಿ ಒಮ್ಮೆಯೂ ಯಾರನ್ನೂ ಪ್ರಶ್ನೆ ಕೇಳದವರ ಬಾಯಲ್ಲಿ ಒಂದು ರಾತ್ರಿಯಲ್ಲಿ ಅದೇ ಪ್ರಶ್ನೆ ಎಂಟು ಹತ್ತು ಸಲ ಬಂತು.

ಇದನ್ನು ಅಭ್ಯಾಸ ಎನ್ನಬೇಕು. ಗುಂಪಿನಲ್ಲಿ ಕೇಳಿದ ಪ್ರಶ್ನೆಯನ್ನು ಮುಂದೆ ತಾಲೂಕು ಕಚೇರಿಯ ಕೌಂಟರಿನಲ್ಲಿ ಒಬ್ಬರೇ ನಿಂತು ಕೇಳುವುದು ಸ್ವಲ್ಪ ಸುಲಭವಾಗುತ್ತದೆ. ಬಾಯಿಗೆ ಅದು ಹೊಸದಲ್ಲ.

ತಮಟೆಯ ಕಥೆಯನ್ನೂ ಇಲ್ಲೇ ಹೇಳಬೇಕು. ಊರಿನ ಸಾವಿಗೆ, ಹಬ್ಬಕ್ಕೆ, ಜಾತ್ರೆಗೆ ತಮಟೆ ಬಡಿಯುವುದು ಕೇರಿಯವರ ಮೇಲೆ ಹೇರಿದ್ದ ಬಿಟ್ಟಿ ಚಾಕರಿ. ಬಡಿಯುವುದಿಲ್ಲ ಎಂದವರಿಗೆ ಬಹಿಷ್ಕಾರ. ಸ್ವಾಭಿಮಾನದ ಮಾತು ಬಂದಾಗ ಎಷ್ಟೋ ಕಡೆ ಯುವಕರು ತಮಟೆಯನ್ನೇ ಕೈಬಿಟ್ಟರು, ಬಿಟ್ಟದ್ದು ಸರಿಯಾಗಿಯೇ ಇತ್ತು. ಅದೇ ತಮಟೆ ಚಳವಳಿಯ ಮೆರವಣಿಗೆಯ ಮುಂದೆ ಬಂದಾಗ ಅದರ ಅರ್ಥ ಬೇರೆಯಾಯಿತು. ಈಗ ಬಡಿಯುವವರು ತಮಗಾಗಿ, ತಾವು ಬೇಕೆಂದಾಗ ಬಡಿಯುತ್ತಿದ್ದರು. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಮೈಸೂರಿನ ಜನಾರ್ಧನ್ (ಜನ್ನಿ) ಅವರಂಥವರು ಜನಪದ ಧಾಟಿಯನ್ನೂ ಹೋರಾಟದ ಮಾತನ್ನೂ ಒಂದು ಮಾಡಿ ಜಿಲ್ಲೆ ಜಿಲ್ಲೆ ಸುತ್ತಿದರು. ಕವಿಯ ಹೆಸರು ಗೊತ್ತಿಲ್ಲದೆಯೇ ಹಾಡುತ್ತಿದ್ದವರು ಎಷ್ಟೋ ಜನ. ಇಂಥ ಹಾಡಿಗೆ ಅದಕ್ಕಿಂತ ದೊಡ್ಡ ಗೌರವ ಇಲ್ಲ.

ಆದರೆ ಹಾಡೊಂದೇ ಇದನ್ನೆಲ್ಲ ಮಾಡಲಿಲ್ಲ. ಹಾಡು ಮುಗಿದ ಮೇಲೆ ಮಾಡಲು ಕೆಲಸ ಇತ್ತು. ಬಗರ್‌ಹುಕುಂ ಜಮೀನಿನ ಅರ್ಜಿ, ದೌರ್ಜನ್ಯದ ಕೇಸು, ಕೂಲಿಯ ದರ, ವಿದ್ಯಾರ್ಥಿ ನಿಲಯದ ಸಮಸ್ಯೆ, ಹೀಗೆ. ರಾತ್ರಿ ಹಾಡಿದವರು ಬೆಳಗ್ಗೆ ಒಟ್ಟಿಗೆ ಕಚೇರಿಗೆ ಹೋಗುತ್ತಿದ್ದರು. ಮುಂದೆ ಸಮಿತಿ ಹಲವು ಬಣಗಳಾಗಿ ಒಡೆಯಿತು. ಎಲ್ಲ ಬಣಗಳೂ ಹಾಡುವ ಹಾಡು ಮಾತ್ರ ಒಂದೇ. ನನಗೆ ಇದು ಸಮಾಧಾನವನ್ನೂ ನೋವನ್ನೂ ಒಟ್ಟಿಗೆ ಕೊಡುವ ಸಂಗತಿ. ಒಡೆಯುವುದನ್ನು ತಡೆಯುವ ಶಕ್ತಿ ಹಾಡಿಗೆ ಇರಲಿಲ್ಲ.

ಮದ್ಯ ನಿಷೇಧಕ್ಕಾಗಿ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಸುಮಾರು 200 ಕಿಲೋಮೀಟರ್. ಹಾಡು, ಘೋಷಣೆಗಳೊಂದಿಗೆ ಸಾಗಿದ ನಡಿಗೆ. ಹೆಚ್ಚಿನವರು ಹಳ್ಳಿಯ ಕೂಲಿ ಹೆಂಗಸರು. ಅವರ ಬೇಡಿಕೆ ಇವತ್ತಿಗೂ ಈಡೇರಿಲ್ಲ. ಅಬಕಾರಿ ಆದಾಯದ ಮೇಲೆ ನಿಂತ ಸರ್ಕಾರಗಳಿಗೆ ಹಾಡು ಕೇಳಿಸಿದರೂ ಲೆಕ್ಕ ಬದಲಾಗುವುದಿಲ್ಲ. ಹಾಡಿನ ಬಗ್ಗೆ ಬರೆಯುವವರು ಗೆದ್ದ ಕಥೆಗಳನ್ನೇ ಹೇಳುವುದು ಜಾಸ್ತಿ. ಸೋತ ನಡಿಗೆಗಳಲ್ಲೂ ಅಷ್ಟೇ ಚೆನ್ನಾಗಿ ಹಾಡಿದ್ದರು ಎಂಬುದನ್ನು ಮರೆಯಬಾರದು.

ಎಸ್ಟೋನಿಯಾ ಹಾಡಿಯೇ ಗೆದ್ದಿತೇ?

ಈ ವಿಷಯ ಬಂದಾಗಲೆಲ್ಲ ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ ಎಸ್ಟೋನಿಯಾದ ಹೆಸರು ಬರುತ್ತದೆ. ಬರಬೇಕಾದದ್ದೇ. ಅಲ್ಲಿ ಮೊದಲ ಹಾಡುಹಬ್ಬ ನಡೆದದ್ದು 1869ರಲ್ಲಿ, ಟಾರ್ಟು ನಗರದಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಜಮೀನು ಜರ್ಮನ್ ಜಮೀನ್ದಾರರ ಕೈಯಲ್ಲಿತ್ತು. ಹಾಡಿದವರು ಸುಮಾರು 800 ಜನ, ಎಲ್ಲರೂ ಗಂಡಸರು. ಎಸ್ಟೋನಿಯಾದವರೇ ರಾಗ ಹಾಕಿದ ಹಾಡುಗಳು ಬರೀ ಎರಡು. ಅಷ್ಟು ಸಣ್ಣದಾಗಿ ಶುರುವಾದದ್ದು ತಲೆಮಾರಿನಿಂದ ತಲೆಮಾರಿಗೆ ನಡೆದುಬಂತು. ಊರಿಗೊಂದು ಹಾಡಿನ ತಂಡ, ವಾರಕ್ಕೊಮ್ಮೆ ತಾಲೀಮು, ಕೆಲವು ವರ್ಷಕ್ಕೊಮ್ಮೆ ಎಲ್ಲರೂ ಸೇರುವ ಹಬ್ಬ.

1918ರಲ್ಲಿ ಸ್ವತಂತ್ರವಾಗಿದ್ದ ದೇಶ ಎರಡನೇ ಮಹಾಯುದ್ಧದ ಹೊತ್ತಿಗೆ ಸೋವಿಯತ್ ಒಕ್ಕೂಟದ ಪಾಲಾಯಿತು. ಹಾಡುಹಬ್ಬವನ್ನು ಸೋವಿಯತ್ ಆಡಳಿತ ನಿಲ್ಲಿಸಲಿಲ್ಲ, ತನ್ನ ಹೊಗಳಿಕೆಗೆ ಬಳಸಿಕೊಂಡಿತು. ಲಿಡಿಯಾ ಕೊಯ್ದುಲಾ ಎಂಬ ಕವಯಿತ್ರಿಯ ತಾಯ್ನಾಡಿನ ಕವಿತೆಯೊಂದಕ್ಕೆ ಗುಸ್ತಾವ್ ಎರ್ನೆಸಾಕ್ಸ್ ಹಾಕಿದ ರಾಗವನ್ನು 1947ರ ಹಬ್ಬದಲ್ಲಿ ಹಾಡಿದ್ದರು. ಆಮೇಲೆ ಅದು ಪಟ್ಟಿಯಿಂದ ಮಾಯವಾಯಿತು. 1960ರ ಹಬ್ಬದಲ್ಲಿ ಅದು ಕಾರ್ಯಕ್ರಮದಲ್ಲಿ ಇರಲಿಲ್ಲ. ಜನ ತಾವಾಗಿಯೇ ಹಾಡಿಬಿಟ್ಟರು. ಹತ್ತು ಜನ ಹಾಡಿದ್ದರೆ ಬಂಧಿಸಬಹುದಿತ್ತು. ಇಡೀ ಮೈದಾನ ಹಾಡಿದರೆ ಏನು ಮಾಡುವುದು? 1965ರಲ್ಲಿ ಅದು ಮತ್ತೆ ಪಟ್ಟಿಗೆ ಬಂತು.

1988ರ ಜೂನ್ ತಿಂಗಳಲ್ಲಿ ರಾಜಧಾನಿ ತಾಲಿನ್‌ನ ಅದೇ ಹಾಡಿನ ಮೈದಾನದಲ್ಲಿ ಯುವಕರು ರಾತ್ರಿ ರಾತ್ರಿ ಸೇರಿ ಹಾಡತೊಡಗಿದರು. ನಿಷೇಧವಾಗಿದ್ದ ನೀಲಿ-ಕಪ್ಪು-ಬಿಳಿ ಬಾವುಟ ಹೊರಬಂತು. ಹೈಂಜ್ ವಾಲ್ಕ್ ಎಂಬ ಕಲಾವಿದ ಇದಕ್ಕೆ ಹಾಡಿನ ಕ್ರಾಂತಿ ಎಂದು ಹೆಸರಿಟ್ಟ. ಸೆಪ್ಟೆಂಬರ್ 11ರಂದು ಆ ಮೈದಾನದಲ್ಲಿ ಸೇರಿದವರು ಸುಮಾರು 3 ಲಕ್ಷ ಎಂದು ಅಂದಾಜು. ಆಗ ದೇಶದ ಒಟ್ಟು ಜನಸಂಖ್ಯೆಯೇ 15 ಲಕ್ಷದ ಆಸುಪಾಸು. 1989ರ ಆಗಸ್ಟ್ 23ರಂದು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾದ ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು 600 ಕಿಲೋಮೀಟರಿಗೂ ಉದ್ದದ ಸರಪಳಿ ಮಾಡಿದರು. 1991ರ ಆಗಸ್ಟ್ 20ರಂದು ಎಸ್ಟೋನಿಯಾ ಮತ್ತೆ ಸ್ವತಂತ್ರವಾಯಿತು.

ಕೇಳಲು ರೋಮಾಂಚನ. ಆದರೆ ಹಾಡಿ ಹಾಡಿ ಸೋವಿಯತ್ ಒಕ್ಕೂಟವನ್ನು ಬೀಳಿಸಿದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಾಸ್ಕೋದಲ್ಲಿ ಗೋರ್ಬಚೆವ್ ಹಿಡಿತ ಸಡಿಲಿಸಿದ್ದರು, ಆರ್ಥಿಕತೆ ಕುಸಿದಿತ್ತು. ಎಸ್ಟೋನಿಯಾದಲ್ಲಿ 1987ರಲ್ಲೇ ಫಾಸ್ಫರೈಟ್ ಗಣಿಗಾರಿಕೆಯ ವಿರುದ್ಧ ಜನ ಸಂಘಟಿತರಾಗಿದ್ದರು. 1988ರ ಏಪ್ರಿಲಿನಲ್ಲಿ ಜನರಂಗ ಎಂಬ ರಾಜಕೀಯ ಸಂಘಟನೆ ಹುಟ್ಟಿತ್ತು. ಪಕ್ಕದ ಲಿಥುವೇನಿಯಾದವರೂ ಹಾಡುತ್ತಲೇ ಇದ್ದರು. 1991ರ ಜನವರಿ 13ರಂದು ವಿಲ್ನಿಯಸ್‌ನ ಟಿವಿ ಗೋಪುರದ ಬಳಿ ಸೋವಿಯತ್ ಸೇನೆ ನುಗ್ಗಿದಾಗ ಅಲ್ಲಿ 14 ಜನ ಸತ್ತರು. ಟ್ಯಾಂಕಿಗೆ ಹಾಡು ತಡೆಯಲ್ಲ.

ಹಾಡು ಮಾಡಿದ್ದು ಬೇರೆ ಕೆಲಸ. ಸುಮಾರು ಐವತ್ತು ವರ್ಷ ಪರಕೀಯ ಆಳ್ವಿಕೆಯ ಕೆಳಗೆ ಪಕ್ಷ, ಪತ್ರಿಕೆ, ಸಂಘ ಯಾವುದೂ ಸ್ವತಂತ್ರವಾಗಿ ಉಳಿಯದಾಗ, ಜನ ಒಟ್ಟಿಗೆ ಸೇರುವ ಅಭ್ಯಾಸವನ್ನು ಉಳಿಸಿದ್ದು ಆ ವಾರದ ತಾಲೀಮುಗಳು. ಅವಕಾಶ ಬಂದಾಗ ಹೊಸದಾಗಿ ಸಂಘಟನೆ ಕಟ್ಟುವ ಕಷ್ಟ ಅವರಿಗೆ ಕಡಿಮೆಯಾಯಿತು. 3 ಲಕ್ಷ ಜನ ಒಂದೆಡೆ ಸೇರಿದರೂ ನೂಕುನುಗ್ಗಲು, ಹಿಂಸೆ ಇಲ್ಲದೆ ಹೇಗೆ ಇರಬೇಕು ಎಂಬುದು 1869ರಿಂದಲೇ ಅವರಿಗೆ ರೂಢಿ. ಈ ರೂಢಿಯೇ ಅಲ್ಲಿನ ಹೋರಾಟದ ಬಂಡವಾಳ.

ಇನ್ನೊಂದು ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಆಗ ಆ ದೇಶದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಎಸ್ಟೋನಿಯನ್ನರಲ್ಲ, ಅವರಲ್ಲಿ ಬಹುಪಾಲು ರಷ್ಯನ್ ಮಾತಾಡುವವರು. ಎಷ್ಟೋ ಜನ ಅಲ್ಲೇ ಹುಟ್ಟಿದವರು. ಆ ಹಾಡಿನ ‘ನಾವು’ ಒಳಗೆ ಅವರಿಗೆ ಜಾಗ ಕಡಿಮೆ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಅವರಲ್ಲಿ ಬಹಳ ಮಂದಿ ಯಾವ ದೇಶದ ಪ್ರಜೆಯೂ ಅಲ್ಲದೆ ಉಳಿದರು.

ಅಮೆರಿಕದ ಕಪ್ಪು ಜನರ ಹೋರಾಟದ ಹಾಡು ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ನಮ್ಮ ಶಾಲೆಗಳಲ್ಲಿ ‘ನಾವು ಗೆದ್ದೇ ಗೆಲ್ಲುವೆವು’ ಎಂದು ಹಾಡುತ್ತೇವಲ್ಲ, ಅದರ ಮೂಲ ಚರ್ಚಿನ ಹಾಡು. ಅಲ್ಲಿ ಅದು ‘ನಾನು’ ಎಂದು ಶುರುವಾಗುತ್ತಿತ್ತು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ 1945-46ರಲ್ಲಿ ತಂಬಾಕು ಕಾರ್ಖಾನೆಯ ಕಾರ್ಮಿಕರು, ಅವರಲ್ಲಿ ಬಹುಪಾಲು ಕಪ್ಪು ಹೆಂಗಸರು, ಮುಷ್ಕರ ಹೂಡಿದಾಗ ಅದನ್ನು ‘ನಾವು’ ಎಂದು ಹಾಡಿದರು. ಅಲ್ಲಿಂದ ಅದು ಟೆನೆಸಿಯ ಹೈಲ್ಯಾಂಡರ್ ಎಂಬ ಕಾರ್ಮಿಕ ಶಾಲೆಗೆ ಬಂತು. ಕರಿಯರು ಬಿಳಿಯರು ಒಟ್ಟಿಗೆ ಕೂತು ಕಲಿಯುತ್ತಿದ್ದ ಶಾಲೆ ಅದು. 1959ರ ಒಂದು ರಾತ್ರಿ ಪೊಲೀಸರು ಅಲ್ಲಿ ದಾಳಿ ಮಾಡಿ ದೀಪ ಆರಿಸಿದರು. ಕತ್ತಲಲ್ಲಿ ಕೂತಿದ್ದ ಹುಡುಗ ಹುಡುಗಿಯರು ಅದೇ ಹಾಡಿಗೆ ನಮಗೆ ಭಯವಿಲ್ಲ ಎಂಬ ಹೊಸ ಸಾಲು ಸೇರಿಸಿ ಹಾಡಿದರು ಎಂದು ಅಲ್ಲಿದ್ದವರು ಹೇಳಿದ್ದಾರೆ. 1960ರಲ್ಲಿ ಗೈ ಕ್ಯಾರವಾನ್ ಎಂಬ ಹಾಡುಗಾರ ವಿದ್ಯಾರ್ಥಿ ಹೋರಾಟಗಾರರಿಗೆ ಅದನ್ನು ಕಲಿಸಿದ. ಯಾರು ಬೇಕಾದರೂ ಒಂದು ಸಾಲು ಸೇರಿಸಬಹುದು. ಹಾಗೆ ಬಾಗಿಲು ತೆರೆದಿದ್ದಕ್ಕೇ ಅದು ಕನ್ನಡಕ್ಕೂ ಬಂತು.

ಹಾಡಿಗೆ ನೀತಿ ತಾನಾಗಿ ಬರುವುದಿಲ್ಲ

ಒಟ್ಟಿಗೆ ಹಾಡಿದರೆ ಒಳ್ಳೆಯದೇ ಆಗುತ್ತದೆ ಎಂದು ನಂಬಿದರೆ ಅಪಾಯ. ಸ್ಟ್ಯಾನ್‌ಫರ್ಡಿನ ಪ್ರಯೋಗ ಮಾಡಿದ ಇಬ್ಬರಲ್ಲಿ ಒಬ್ಬರಾದ ಸ್ಕಾಟ್ ವಿಲ್ಟರ್‌ಮತ್ ಮೂರು ವರ್ಷದ ಮೇಲೆ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಯಾರದಾದರೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದವರು, ಆಮೇಲೆ ಆ ಜೊತೆಗಾರರು ಹುಳುಗಳನ್ನು ಯಂತ್ರಕ್ಕೆ ಹಾಕಿ ಕೊಲ್ಲಲು ಹೇಳಿದಾಗ ಅದಕ್ಕೂ ಹೆಚ್ಚು ಸಲೀಸಾಗಿ ಒಪ್ಪಿದರು. ರುವಾಂಡಾದ ಸಿಮೊನ್ ಬಿಕಿಂಡಿ ಜನಪ್ರಿಯ ಗಾಯಕ. 1994ರಲ್ಲಿ ತುತ್ಸಿ ಜನರ ನರಮೇಧ ನಡೆದ ದಿನಗಳಲ್ಲಿ ಅವನ ಹಾಡುಗಳು ರೇಡಿಯೊದಲ್ಲಿ ಬರುತ್ತಿದ್ದವು. 2008ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಅವನಿಗೆ 15 ವರ್ಷ ಶಿಕ್ಷೆ ವಿಧಿಸಿತು. ಶಿಕ್ಷೆಯಾದದ್ದು ಹಾಡಿಗಲ್ಲ, ವಾಹನದ ಮೈಕಿನಲ್ಲಿ ಕೊಲ್ಲಲು ಕರೆ ಕೊಟ್ಟಿದ್ದಕ್ಕೆ. ಆದರೂ ಕರೆ ಕೊಟ್ಟವನ ದನಿಯನ್ನು ಜನ ಮೊದಲೇ ಹಾಡಿನ ಮೂಲಕ ಬಲ್ಲವರಾಗಿದ್ದರು.

ನಮ್ಮಲ್ಲೂ ಮೆರವಣಿಗೆಗಳು ಇನ್ನೊಬ್ಬರ ಪ್ರಾರ್ಥನಾ ಮಂದಿರದ ಮುಂದೆ ಬಂದಾಗ ನಿಂತು, ಸದ್ದು ಏರಿಸಿ, ಹೆದರಿಸುವ ಹಾಡು ಹಾಕುವುದನ್ನು ನೋಡುತ್ತಿದ್ದೇವೆ. ಆ ಗುಂಪಿನ ಒಳಗೂ ಒಗ್ಗಟ್ಟಿದೆ, ಖುಷಿಯಿದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ನಾನು ನೋಡುವುದು ಇಷ್ಟನ್ನೇ: ಹಾಡು ಯಾರ ಕಡೆ ತಿರುಗಿದೆ? ಕೂಲಿ ಕೇಳುವ ಹಾಡು ಅಧಿಕಾರ ಇರುವವರ ಕಡೆ ತಿರುಗಿರುತ್ತದೆ. ಹೆದರಿಸುವ ಹಾಡು ತನಗಿಂತ ಕಡಿಮೆ ಇರುವವರ ಮನೆ ಬಾಗಿಲಿಗೆ ತಿರುಗಿರುತ್ತದೆ. ಪಕ್ಕದಲ್ಲಿ ನಿಂತು ನೋಡುತ್ತಿರುವ ಅಪರಿಚಿತರು ಬಂದು ಸೊಲ್ಲಿಗೆ ಸೇರಬಹುದೇ ಎಂದೂ ಕೇಳಬಹುದು. ಮೊದಲನೆಯದರಲ್ಲಿ ಸೇರಬಹುದು. ಎರಡನೆಯದರಲ್ಲಿ ಅವರು ಹೊರಗೇ ಇರಬೇಕು.

ಗಣೇಶ ಹಬ್ಬ ಬಂದಾಗಲೆಲ್ಲ ಡಿಜೆ ಬೇಕೋ ಬೇಡವೋ ಎಂಬ ಜಗಳ ಶುರುವಾಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಪೊಲೀಸರು, ಸಮಿತಿಯವರು, ಆಸ್ಪತ್ರೆ ಪಕ್ಕದವರು ಎಲ್ಲರೂ ಈ ಅಂಕಿ ಹಿಡಿದೇ ವಾದ ಮಾಡುತ್ತಾರೆ. ಅದು ಮುಖ್ಯವೇ, ವಯಸ್ಸಾದವರು ಕಂದಮ್ಮಗಳು ನರಳುವುದು ನಿಜ. ಆದರೆ ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ಆ ಮೆರವಣಿಗೆಯಲ್ಲಿ ಹಾಡುತ್ತಿರುವವರು ಯಾರು? ಯಾರೂ ಇಲ್ಲ. ಪೆಟ್ಟಿಗೆ ಹಾಡುತ್ತದೆ, ಹುಡುಗರು ಕುಣಿಯುತ್ತಾರೆ. ಪಕ್ಕದವನ ಮಾತೂ ಕೇಳಿಸದ ಸದ್ದಿನಲ್ಲಿ ನಿಮ್ಮ ದನಿ ನಿಮಗೇ ಕೇಳಿಸುವುದಿಲ್ಲ. ಮೊದಲು ಆ ಜಾಗದಲ್ಲಿ ಭಜನೆ ಮೇಳ ಇತ್ತು, ಕೋಲಾಟ ಇತ್ತು, ಡೊಳ್ಳಿನ ಪದ ಇತ್ತು.

ಬೀಸುವ ಕಲ್ಲಿನ ಪದಗಳು ಹೋದದ್ದು ಹೆಂಗಸರು ಮರೆತದ್ದರಿಂದಲ್ಲ, ಹಿಟ್ಟಿನ ಗಿರಣಿ ಬಂದದ್ದರಿಂದ. ಗಿರಣಿ ಬಂದದ್ದು ಒಳ್ಳೆಯದೇ ಆಯಿತು, ರಟ್ಟೆಗಳಿಗೆ ಬಿಡುವು ಸಿಕ್ಕಿತು. ನಾಟಿ ಯಂತ್ರ ಬಂದದ್ದಕ್ಕೂ ನಾನು ದೂರುವುದಿಲ್ಲ. ಆದರೆ ಹೋದ ಸಂದರ್ಭದ ಜಾಗಕ್ಕೆ ಬೇರೆ ಸಂದರ್ಭ ಬರಬೇಕಿತ್ತು. ಬಂದದ್ದು ಪ್ರತಿಯೊಬ್ಬರ ಕಿವಿಗೂ ಬೇರೆ ಬೇರೆ ಹಾಡು. ಟಿವಿಯ ಸ್ಪರ್ಧೆಗಳು ಇನ್ನೊಂದು ಪಾಠ ಕಲಿಸಿದವು. ಹಾಡುವುದು ಪ್ರತಿಭೆ ಇರುವವರ ಕೆಲಸ, ಉಳಿದವರು ಚಪ್ಪಾಳೆ ತಟ್ಟಬೇಕು ಎಂಬ ಪಾಠ. ನನಗೆ ಹಾಡಲು ಬರಲ್ಲ ಎಂದು ಎಂಟು ವರ್ಷದ ಮಗು ಹೇಳುವುದನ್ನು ಕೇಳಿದರೆ ಸಂಕಟವಾಗುತ್ತದೆ.

ಅಧಿಕೃತ ಸಮಾರಂಭಗಳೂ ಇದೇ ದಾರಿ ಹಿಡಿದಿವೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಎಷ್ಟು ಹೊತ್ತು ಹಾಡಬೇಕು, ಯಾರ ಧಾಟಿಯಲ್ಲಿ ಹಾಡಬೇಕು ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. 2022ರಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು ಸರ್ಕಾರ ಆದೇಶ ಹೊರಡಿಸಿತು. ಇಷ್ಟೆಲ್ಲ ಆದ ಮೇಲೂ ಹೆಚ್ಚಿನ ಸಭೆಗಳಲ್ಲಿ ಆಗುವುದೇನು? ವೇದಿಕೆಯಲ್ಲಿ ನಾಲ್ಕು ಜನ ಮೈಕಿನಲ್ಲಿ ಹಾಡುತ್ತಾರೆ, ಇಲ್ಲವೇ ರೆಕಾರ್ಡ್ ಹಾಕುತ್ತಾರೆ. ಸಭಿಕರು ಕೈ ಕಟ್ಟಿ ನಿಂತು ಮುಗಿಯುವುದನ್ನು ಕಾಯುತ್ತಾರೆ. ತಪ್ಪು ಸಭಿಕರದ್ದಲ್ಲ. ಆ ಶ್ರುತಿಗೆ ಅವರ ಗಂಟಲು ಏರುವುದಿಲ್ಲ.

ಶ್ರುತಿಯ ವಿಷಯ ಸಣ್ಣದು ಅನಿಸಬಹುದು, ಆದರೆ ನನ್ನ ಪ್ರಕಾರ ಅರ್ಧ ಸಮಸ್ಯೆ ಇಲ್ಲೇ ಇದೆ. ಗಂಡಸರು ತಮ್ಮ ಶ್ರುತಿಯಲ್ಲಿ ಎತ್ತಿಕೊಂಡರೆ ಹೆಂಗಸರಿಗೆ ತೀರಾ ಕೆಳಗೆ, ಒಂದು ಸ್ಥಾಯಿ ಮೇಲೆ ಹೋದರೆ ತೀರಾ ಎತ್ತರ. ಅವರು ಸುಮ್ಮನಾಗುತ್ತಾರೆ. ಹೋರಾಟದ ವೇದಿಕೆಗಳಲ್ಲೂ ಇದು ಆಗುತ್ತದೆ. ಕೂತವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಹಾಡು ಎತ್ತುವವರೆಲ್ಲ ಗಂಡಸರು. ಅನುಭವ ಇರುವ ಹಾಡುಗಾರರು ಮಾಡುವ ಕೆಲವು ಕೆಲಸಗಳಿವೆ. ಎಲ್ಲರಿಗೂ ಎಟುಕುವ ನಡುವಿನ ಶ್ರುತಿ ಹಿಡಿಯುತ್ತಾರೆ. ಚರಣವನ್ನು ಬೇಗ ಮುಗಿಸಿ ಪಲ್ಲವಿಗೆ ಹೆಚ್ಚು ಸಮಯ ಕೊಡುತ್ತಾರೆ. ಪಲ್ಲವಿ ಬಂದಾಗ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಆಗ ಕೂತವರಿಗೆ ತಮ್ಮ ದನಿ ತಮಗೆ ಕೇಳಿಸುತ್ತದೆ. ಒಮ್ಮೆ ಕೇಳಿಸಿತೆಂದರೆ ಮುಂದಿನ ಸುತ್ತಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ.

ಶಾಲೆಗಳಲ್ಲಿ ಇದನ್ನು ಶುರು ಮಾಡಲು ಯಾವ ಆದೇಶವೂ ಬೇಡ. ನವೆಂಬರ್ 1ಕ್ಕೆ ಎರಡು ವಾರ ಮೊದಲು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ದಿನಕ್ಕೆ ಐದು ನಿಮಿಷ ಸಾಕು. ಚೆನ್ನಾಗಿ ಹಾಡುವ ಆರು ಮಕ್ಕಳನ್ನು ಆರಿಸಿ ಮುಂದೆ ನಿಲ್ಲಿಸುವ ಪದ್ಧತಿ ಬಿಡಬೇಕು. ಇಡೀ ಶಾಲೆಗೆ ಕಲಿಸಬೇಕು, ಮೇಷ್ಟ್ರುಗಳೂ ಅಡುಗೆಯವರೂ ಸೇರಬೇಕು. ರಾಜ್ಯೋತ್ಸವದ ದಿನ ಅಪ್ಪ ಅಮ್ಮಂದಿರ ಕೈಗೆ ಸಾಹಿತ್ಯ ಬರೆದ ಒಂದು ಹಾಳೆ ಕೊಟ್ಟು, ಸ್ಪೀಕರ್ ಆಫ್ ಮಾಡಿ, ಏಳನೇ ತರಗತಿಯ ಒಬ್ಬ ಹುಡುಗಿಗೆ ಮೊದಲ ಸಾಲು ಎತ್ತಲು ಹೇಳಬೇಕು.